ಹರಳುಗಿಡ: ಅದರ ಎಣ್ಣೆಯೂ ಅದರ ನಂಜೂ

ಕನ್ನಡ, ತೆಲುಗು, ತಮಿಳು ಈ ಮೂರು ಭಾಷೆಗಳೂ ಒಂದೇ ಬೀದಿಯಲ್ಲಿ ಕೇಳಿಬರುವ ಊರುಗಳು ಕೋಲಾರ ಸೀಮೆಯಲ್ಲಿ ಹಲವುಂಟು. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದು, ಈಚೆಗೆ ಚಿನ್ನದ ಗಣಿಗಳ ಹೆಸರಿನಿಂದಲೇ ಏರ್ಪಟ್ಟ ಹೊಸ ತಾಲ್ಲೂಕಿಗೆ ಸೇರಿದ ಕ್ಯಾಸಂಬಳ್ಳಿಯು ಅಂತಹುದೊಂದು ಊರು. ಮೈಸೂರಿನ ಮೊದಲನೆಯ ಮುಖ್ಯಮಂತ್ರಿಗಳಾದ ಚೆಂಗಲರಾಯ ರೆಡ್ಡಿಯವರ ಹೆಸರಿನ ಮೊದಲ ಅಕ್ಷರವು ಈ ಊರನ್ನೇ ಸೂಚಿಸುತ್ತದೆಂಬುದನ್ನು ಬಲ್ಲವರು ಬಲ್ಲರು. ಇಲ್ಲಿಯ ಹೊಲದ ಬದುವಿನಲ್ಲಿಯೂ ಮನೆಯ ಹಿಂದಣ ತಿಪ್ಪೆಯ ಮಗ್ಗುಲಲ್ಲಿಯೂ ಯಾರೂ ನೆಡದೆಯೇ ಎದ್ದುನಿಲ್ಲುವ ಗಿಡವೊಂದುಂಟು. ಕನ್ನಡದವರು ಅದನ್ನು ಹರಳುಗಿಡವೆನ್ನುವರು, ತೆಲುಗರು ಆಮುದಪು ಚೆಟ್ಟೆನ್ನುವರು, ಗಣಿಯ ಕೆಲಸಕ್ಕೆಂದು ಉತ್ತರ ಆರ್ಕಾಟು, ಸೇಲಂ ಕಡೆಗಳಿಂದ ಬಂದು ನೆಲಸಿದ ತಮಿಳರು ಆಮಣಕ್ಕು ಎನ್ನುವರು. ಧಾರವಾಡದ ಕಡೆಯ ಕನ್ನಡಿಗರಿಗಾದರೋ ಇದು ಔಡಲ. ಹೆಸರುಗಳು ಇಷ್ಟಿದ್ದರೂ ಮೂರು ಭಾಷೆಗಳವರೂ ಈ ಗಿಡವನ್ನು ತಂತಮ್ಮದೆಂದೇ ಭಾವಿಸಿರುವರಲ್ಲದೆ, ಅದು ಬೇರೊಂದು ಖಂಡದಿಂದ ಬಂದುದೆಂಬ ಸಂಶಯವು ಯಾರ ಮನಸ್ಸಿನಲ್ಲಿಯೂ ಸುಳಿಯುವುದಿಲ್ಲ.

ಆದರೆ ಹರಳಿನ ತೌರುಮನೆ ಆಫ್ರಿಕಾ ಖಂಡ. ಹಿಂದೂದೇಶವೇ ಇದರ ಮೂಲಸ್ಥಾನವೆಂದು ವಾದಿಸಿದ ವಿದ್ವಾಂಸರೂ ಇದ್ದರು. ಸಂಸ್ಕೃತ ಗ್ರಂಥಗಳಲ್ಲಿ ಇದರ ಹೆಸರು ಅಷ್ಟು ಪ್ರಾಚೀನವಾಗಿರುವುದರಿಂದ ಅವರು ಹಾಗೆಂದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಾಡುಹುಟ್ಟಾಗಿ ಈ ಗಿಡವು ನಾನಾ ರೂಪಗಳಲ್ಲಿ ಬೆಳೆಯುವುದು ಇಥಿಯೋಪಿಯ, ಕೀನ್ಯಾ ಮೊದಲಾದ ಪೂರ್ವ ಆಫ್ರಿಕಾದ ನಾಡುಗಳಲ್ಲಿ. 2021ರಲ್ಲಿ ಪ್ರಕಟವಾದ ವಂಶವಾಹಿಗಳ ಪರೀಕ್ಷೆಯೂ ಆ ದಿಕ್ಕನ್ನೇ ತೋರಿಸಿತು. ಅಲ್ಲಿಂದ ಅದು ನೈಲ್ ನದಿಯ ಬಯಲಿಗೂ, ಕಡಲದಾರಿಯಿಂದಲೋ ನೆಲದ ದಾರಿಯಿಂದಲೋ ಈ ದೇಶಕ್ಕೂ ಬಂದಿತು. ಬಂದ ಮೇಲೆ ಪರದೇಶಿಯಾಗಿ ಉಳಿಯಲಿಲ್ಲ. ರಾಗಿಯೂ ಆಫ್ರಿಕಾದಿಂದಲೇ ಬಂದುದೆಂಬುದನ್ನು ನೆನೆದರೆ, ಕೋಲಾರದ ಹೊಲದಲ್ಲಿ ರಾಗಿಯ ನಡುವೆ ಹರಳಿನ ಸಾಲು ನಿಂತಿರುವುದು ಒಂದೇ ಊರಿನ ಇಬ್ಬರು ನೆಂಟರು ದೂರದೇಶದಲ್ಲಿ ಕೂಡಿ ಬಾಳುವಂತೆ ಕಾಣುತ್ತದೆ.

ಈ ಸಾಲಿಗೆ ರೈತರು ಅಕ್ಕಡಿ ಸಾಲೆನ್ನುವರು. ರಾಗಿಯ ಹೊಲದಲ್ಲಿ ಇಷ್ಟಿಷ್ಟು ಅಂತರಕ್ಕೆ ಅವರೆ, ತೊಗರಿ, ಹುಚ್ಚೆಳ್ಳು, ಹರಳು ಇವುಗಳನ್ನು ಬಿತ್ತುವುದು ಈ ಸೀಮೆಯ ಹಳೆಯ ಪದ್ಧತಿ. ಮಳೆ ಕೈಕೊಟ್ಟು ರಾಗಿ ಒಣಗಿದರೂ, ಆಳಕ್ಕೆ ಬೇರಿಳಿಸುವ ಹರಳು ಉಳಿದುಕೊಳ್ಳುತ್ತಿತ್ತು. ವರ್ಷಪೂರ್ತಿ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆಯಲ್ಲಿ ಇಂತಹ ಗಿಡಕ್ಕೆ ಬೆಲೆ ಬಂದುದು ಸಹಜವೇ. ಮರಗಳಿಲ್ಲದ ನಾಡಿನಲ್ಲಿ ಹರಳುಗಿಡವೇ ಮಹಾವೃಕ್ಷವೆಂಬ ಅರ್ಥದ ಗಾದೆಯೊಂದು ತೆಲುಗಿನಲ್ಲಿಯೂ ಸಂಸ್ಕೃತದಲ್ಲಿಯೂ ಉಂಟು. ಅಲ್ಪನನ್ನು ಹೀಗಳೆಯುವುದಕ್ಕಾಗಿ ಹುಟ್ಟಿದ ಮಾತು ಅದು. ಆದರೆ ಈ ಬಯಲುಸೀಮೆಯ ಒಕ್ಕಲಿಗನು ಅದನ್ನು ಕೇಳಿ ನಾಚಿಕೊಳ್ಳಬೇಕಾದ ಕಾರಣವೇನೂ ಇಲ್ಲ.

1800ರಲ್ಲಿ, ಟಿಪ್ಪುಸುಲ್ತಾನನು ಮಡಿದ ಮರುವರ್ಷ, ಕಂಪೆನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿ ಬೆಳೆಗಳನ್ನೂ ಕಸುಬುಗಳನ್ನೂ ಬರೆದುಕೊಂಡ ವೈದ್ಯ ಫ್ರಾನ್ಸಿಸ್ ಬುಕನನ್ನನು ಹರಳನ್ನು ಅದರ ಕನ್ನಡದ ಹೆಸರಿನಿಂದಲೇ ಗುರುತಿಸಿರುವನು. ಅವನ ಕಾಲಕ್ಕೆ ಹರಳೆಣ್ಣೆಯೆಂದರೆ ಮೊದಲು ದೀಪದ ಎಣ್ಣೆ, ಆಮೇಲೆ ಮದ್ದು. ತಮಿಳಿನಲ್ಲಿ ಈ ಎಣ್ಣೆಯ ಹೆಸರೇ ವಿಳಕ್ಕೆಣ್ಣೈ, ಎಂದರೆ ದೀಪದ ಎಣ್ಣೆ. ಸೀಮೆಎಣ್ಣೆ ಬಂದು ಹರಳೆಣ್ಣೆಯ ದೀಪವನ್ನು ಹಿಂದೂಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿಗಳ ದೂರ ತಂತಿಗಳನ್ನು ಎಳೆದು ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ತಂದರು. ಆ ತಂತಿಗಳ ಕೆಳಗಿನ ಹಳ್ಳಿಗಳಲ್ಲಿ ಮಾತ್ರ ಇನ್ನೂ ಬಹುಕಾಲ ಹಣತೆಗಳೇ ಉರಿಯುತ್ತಿದ್ದವು. ಈಗ ಗಣಿಯ ಮನೆಗಳಲ್ಲಿ ಆ ಎಣ್ಣೆಯಿಂದ ದೀಪ ಹಚ್ಚುವವರು ವಿರಳ. ಹೆಸರಿನಲ್ಲಿ ಮಾತ್ರ ದೀಪವು ಆರಿಲ್ಲ. ಹೊಟ್ಟೆ ಕಟ್ಟಿದ ಮಗುವಿಗೆ ಕೊಡುವುದೂ ವಿಳಕ್ಕೆಣ್ಣೈಯನ್ನೇ.

ಹರಳೆಣ್ಣೆಯ ಇತರ ಉಪಯೋಗಗಳೂ ಕಡಿಮೆಯಾಗಿರಲಿಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಅದರಿಂದಾಗುತ್ತಿತ್ತು. ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲು ಬಿರಿಯದಂತೆ ಅದನ್ನೇ ಸವರುತ್ತಿದ್ದರು. ತೊಗರಿಬೇಳೆಗೆ ಹುಳು ಬೀಳದಿರಲೆಂದು ಅಂಗೈಯಲ್ಲಿ ಇಷ್ಟು ಹರಳೆಣ್ಣೆಯನ್ನು ಹಾಕಿಕೊಂಡು ಬೇಳೆಗೆ ತಿಕ್ಕಿ ಬಿಸಿಲಿಗಿಡುವುದನ್ನು ಈಗಲೂ ಎಷ್ಟೋ ಮನೆಗಳಲ್ಲಿ ಬಿಟ್ಟಿಲ್ಲ. ಹೊರದೇಶಗಳಲ್ಲಿ ಈ ಎಣ್ಣೆಗೆ ಮತ್ತೊಂದು ವಿಚಿತ್ರವಾದ ಯೋಗ ಒದಗಿತು. ಕಾವಿಗೆ ತೆಳುವಾಗದೆ ಕಬ್ಬಿಣಕ್ಕೆ ಅಂಟಿಕೊಂಡಿರುವ ಗುಣವಿದ್ದುದರಿಂದ ಮೊದಲನೆಯ ಮಹಾಯುದ್ಧದ ವಿಮಾನಗಳಿಗೆ ಇದನ್ನೇ ಕೀಲೆಣ್ಣೆಯಾಗಿ ಬಳಸಿದರು. 1909ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಕ್ಯಾಸ್ಟ್ರಾಲ್ ಎಂಬ ಎಣ್ಣೆಯ ಹೆಸರಿನಲ್ಲಿ ಹರಳಿನ ಇಂಗ್ಲಿಷ್ ಹೆಸರು ಅಡಗಿರುವುದು. ಯಂತ್ರವು ಸುತ್ತುತ್ತ ಹೊರಚೆಲ್ಲುತ್ತಿದ್ದ ಎಣ್ಣೆಯ ಹೊಗೆಯನ್ನು ನುಂಗಿ ವಿಮಾನ ನಡೆಸುವವರು ಭೇದಿಯಿಂದ ಬಳಲುತ್ತಿದ್ದರಂತೆ. ಬಂಗಾರಪೇಟೆಯ ಅಜ್ಜಿಯರಿಗೆ ತಿಳಿದಿದ್ದ ಗುಣವನ್ನು ಅವರು ಆಕಾಶದಲ್ಲಿ ಕಲಿತರು.

ಇನ್ನು ಮದ್ದಿನ ವಿಚಾರ. ಈಜಿಪ್ಟಿನಲ್ಲಿ ಕ್ರಿ. ಪೂ. 1550ರ ಸುಮಾರಿಗೆ ಬರೆದ, ಈಬರ್ಸ್ ಪಪೈರಸ್ಸೆಂದು ಈಗ ಹೆಸರಾದ ವೈದ್ಯಗ್ರಂಥದಲ್ಲಿ ಹರಳಿನ ಬೀಜ, ಎಣ್ಣೆಗಳ ಪ್ರಯೋಗಗಳನ್ನು ಹೇಳಿದೆ. ಗ್ರೀಕರ ಹೆರೊಡೊಟಸನು ಕ್ರಿ. ಪೂ. ಐದನೆಯ ಶತಮಾನದಲ್ಲಿ ಈಜಿಪ್ಟಿನ ಜೌಗುನೆಲದ ಜನರು ಈ ಗಿಡವನ್ನು ನದಿಯ ದಡದಲ್ಲಿ ಬೆಳೆಸಿ, ಕೆಲವರು ಬೀಜವನ್ನು ಜಜ್ಜಿ ಹಿಂಡಿ, ಮತ್ತೆ ಕೆಲವರು ಹುರಿದು ಕುದಿಸಿ ಎಣ್ಣೆ ತೆಗೆಯುವರೆಂದೂ, ಅದು ದೀಪಕ್ಕೆ ಒಳ್ಳೆಯದಾದರೂ ವಾಸನೆ ಕೆಟ್ಟದೆಂದೂ ಹೇಳಿದನು. ಈ ಎರಡು ಬಗೆಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇವುಗಳ ಮೇಲೆಯೇ ನಿಂತಿದೆ.

ಆಯುರ್ವೇದದಲ್ಲಿ ಹರಳಿಗೆ ಏರಂಡವೆಂದು ಹೆಸರು. ಅಂಗೈಯಂತೆ ಹರಡಿದ ಎಲೆಯಿಂದಾಗಿ ಪಂಚಾಂಗುಲವೆಂದೂ ಗಂಧರ್ವಹಸ್ತವೆಂದೂ ಕರೆದರು. ಐರೋಪ್ಯರೂ ಅದೇ ಎಲೆಯನ್ನು ನೋಡಿ ಕ್ರಿಸ್ತನ ಅಂಗೈಯೆಂದು ಹೆಸರಿಟ್ಟಿದ್ದರು. ಎಲೆಯ ಸೀಳುಗಳು ಐದೇ ಇರಬೇಕೆಂಬ ನಿಯಮವಿಲ್ಲ, ಹನ್ನೊಂದರವರೆಗೂ ಹೋಗುತ್ತವೆ. ಹೆಸರಿಟ್ಟವರು ಎಣಿಸುವ ಗೋಜಿಗೆ ಹೋಗದೆ ಕೈಯನ್ನು ಕಂಡರು. ಚರಕಸಂಹಿತೆಯು ಯಾವ ಕೆಲಸಕ್ಕೆ ಯಾವ ದ್ರವ್ಯವು ಶ್ರೇಷ್ಠವೆಂದು ಹೇಳುವಲ್ಲಿ, ವಾತವನ್ನು ಪರಿಹರಿಸಿ ಪುಷ್ಟಿಯನ್ನು ಕೊಡುವವುಗಳ ಪೈಕಿ ಏರಂಡದ ಬೇರಿಗೆ ಅಗ್ರಸ್ಥಾನವನ್ನು ಕೊಟ್ಟಿದೆ. ಸುಶ್ರುತನು ಅದರ ಎಣ್ಣೆಯನ್ನು ವಿರೇಚನಕ್ಕೆ ಹೇಳಿರುವನು. ಹದಿನಾರನೆಯ ಶತಮಾನದ ಭಾವಮಿಶ್ರನು ಬಿಳಿದು ಕೆಂಪು ಎಂದು ಎರಡು ಬಗೆಯ ಏರಂಡಗಳನ್ನು ಬೇರ್ಪಡಿಸಿದನು. ಕೀಲುಗಳು ಬಾತು ನೋಯುವ ಆಮವಾತಕ್ಕೆ ಈ ಎಣ್ಣೆಯನ್ನು ಸಿಂಹಕ್ಕೆ ಹೋಲಿಸಿ ಹೊಗಳಿದ ವೈದ್ಯರೂ ಉಂಟು.

ಪಂಡಿತರ ಗ್ರಂಥಗಳನ್ನು ಕಾಣದ ಮನೆಗಳಲ್ಲಿಯೂ ಇದೇ ವಿದ್ಯೆಯು ಬೇರೆ ರೂಪದಲ್ಲಿತ್ತು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಮಕ್ಕಳನ್ನು ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುವುದು ಹಿಂದಿನ ಗೃಹಿಣಿಯರ ನಿಯಮಗಳಲ್ಲೊಂದು. ಹರಳೆಣ್ಣೆ ಕುಡಿದ ಮುಖವೆಂಬ ಮಾತು ಹುಟ್ಟಿದ್ದು ಆ ಬೆಳಗಿನ ಹೊತ್ತುಗಳಲ್ಲಿಯೇ ಇರಬೇಕು. ಉಷ್ಣವಾಯಿತೆಂದು ನೆತ್ತಿಗೆ ತಟ್ಟುವುದು, ಹಸುಗೂಸಿನ ಹೊಕ್ಕುಳ ಸುತ್ತ ಸವರುವುದು, ಹರಳೆಣ್ಣೆಯ ದೀಪದ ಕಪ್ಪನ್ನು ಹಿಡಿದು ಕಾಡಿಗೆ ಮಾಡುವುದು, ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಎಣ್ಣೆ ಸವರಿ ಊದಿದ ಮೊಣಕಾಲಿಗೆ ಕಟ್ಟುವುದು, ಹೆರಿಗೆಯ ನೋವು ತಡವಾದರೆ ಬಿಸಿ ಪಾನೀಯದಲ್ಲಿ ಎಣ್ಣೆ ಕೊಡುವುದು, ಕಾಮಾಲೆಗೆ ಎಳೆಯ ಎಲೆಯ ರಸವನ್ನು ಹಾಲಿನೊಡನೆ ಕೊಡುವುದು, ಇವೆಲ್ಲ ದಕ್ಷಿಣದೇಶದ ಹಳ್ಳಿಗಳಲ್ಲಿ ವ್ಯಾಪಕವಾಗಿ ಹಬ್ಬಿದ್ದ ಪ್ರಯೋಗಗಳು. ಇವುಗಳಲ್ಲಿ ಕೆಲವು ಈಗಲೂ ನಿಲ್ಲತಕ್ಕವು, ಕೆಲವು ನಿಲ್ಲತಕ್ಕವಲ್ಲ. ಯಾವುದು ಹೇಗೆಂಬುದನ್ನು ಅರಿಯಬೇಕಾದರೆ ಬೀಜದೊಳಗಣ ನಂಜಿನ ಕಥೆಯನ್ನು ನೋಡಬೇಕಾಗುತ್ತದೆ.

ಹರಳು ಎಂದರೆ ಕನ್ನಡದಲ್ಲಿ ಸಣ್ಣ ಕಲ್ಲೆಂದೂ ರತ್ನವೆಂದೂ ಅರ್ಥವುಂಟು. ಈ ಗಿಡದ ಬೀಜವನ್ನು ಕೈಯಲ್ಲಿ ಹಿಡಿದವರಿಗೆ ಆ ಅರ್ಥವು ತಾನಾಗಿಯೇ ನೆನಪಿಗೆ ಬರುವುದು. ಕಂದು, ಬೂದಿ, ಬಿಳುಪುಗಳ ಚಿತ್ತಾರದಿಂದ ಅದು ಮೆರುಗು ಕೊಟ್ಟ ಕಲ್ಲಿನಂತೆ ಹೊಳೆಯುತ್ತದೆ. ರೋಮಿನವರು ಅದನ್ನು ಕಂಡು ದನದ ಮೈಗೆ ಕಚ್ಚುವ ಉಣ್ಣಿಯೆಂದುಕೊಂಡರು. ಅವರ ಭಾಷೆಯಲ್ಲಿ ಉಣ್ಣಿಗೆ ರಿಸಿನಸ್ಸೆಂದು ಹೆಸರು. 1753ರಲ್ಲಿ ಲಿನೀಯಸನು ಆ ಹೆಸರನ್ನೇ ಎತ್ತಿಕೊಂಡು ಗಿಡಕ್ಕೆ ರಿಸಿನಸ್ ಕಮ್ಯುನಿಸ್ ಎಂದು ನಾಮಕರಣ ಮಾಡಿದನು. ಚೆಲುವಾದ ಈ ಬೀಜದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ. ಉಳಿದ ಭಾಗದಲ್ಲಿ, ಸಸ್ಯಗಳು ತಯಾರಿಸುವ ಅತ್ಯುಗ್ರವಾದ ವಿಷಗಳಲ್ಲಿ ಒಂದು ಇರುವುದು.

ಬೀಜವು ಕೊಲ್ಲಬಲ್ಲುದೆಂಬುದು ಮನುಷ್ಯನಿಗೆ ಬಹು ಹಿಂದೆಯೇ ತಿಳಿದಿತ್ತು. ದಕ್ಷಿಣ ಆಫ್ರಿಕಾದ ಬಾರ್ಡರ್ ಕೇವ್ ಎಂಬ ಗುಹೆಯಲ್ಲಿ ದೊರೆತ, ಸುಮಾರು 24,000 ವರ್ಷಗಳಷ್ಟು ಹಳೆಯದಾದ ಗೀರುಗಳುಳ್ಳ ಒಂದು ಕಡ್ಡಿಯ ಮೇಲೆ ಹರಳಿನ ಆಮ್ಲದ ಅಂಶಗಳಿರುವುದಾಗಿ 2012ರಲ್ಲಿ ಸಂಶೋಧಕರು ಪ್ರಕಟಿಸಿದರು. ಬಾಣದ ಮೊನೆಗೆ ನಂಜು ಸವರುವ ಸಾಧನವದೆಂದು ಅವರ ಅಭಿಪ್ರಾಯ. ಹಾಗಿದ್ದರೆ ಆಫ್ರಿಕಾದವರು ಈ ಗಿಡವನ್ನು ಮದ್ದೆಂದು ತಿಳಿಯುವುದಕ್ಕೆ ಮೊದಲೇ ನಂಜೆಂದು ತಿಳಿದಿದ್ದರೆನ್ನಬೇಕು. ಕನ್ನಡನಾಡಿನಲ್ಲಿಯೂ ಮದ್ದಿನ ಶಾಸ್ತ್ರದೊಡನೆ ವಿಷದ ಶಾಸ್ತ್ರವು ಬೆಳೆದಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ದೊಡ್ಡ ಗ್ರಂಥವನ್ನು ಕನ್ನಡದಲ್ಲಿ ಬರೆದುದು ವಿಷಚಿಕಿತ್ಸೆಯನ್ನು ಕುರಿತೇ ಎಂಬುದು ಸಾಹಿತ್ಯಪ್ರಿಯರಿಗೆ ತಿಳಿದ ವಿಷಯ.

ಆದರೆ ನಂಜು ಯಾವುದು, ಎಲ್ಲಿದೆ ಎಂಬುದು ಗೊತ್ತಾದುದು 1888ರಲ್ಲಿ. ಆಗ ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಡೋರ್ಪಾಟ್ ವಿಶ್ವವಿದ್ಯಾನಿಲಯದಲ್ಲಿ ಸ್ಟಿಲ್‌ಮಾರ್ಕ್ ಎಂಬ ತರುಣನು ಹರಳಿನ ಬೀಜದಿಂದ ಒಂದು ಸಸಾರಜನಕ ಪದಾರ್ಥವನ್ನು ಬೇರ್ಪಡಿಸಿ, ಅದಕ್ಕೆ ರಿಸಿನ್ ಎಂದು ಹೆಸರಿಟ್ಟನು. ಮೂರು ವರ್ಷಗಳ ತರುವಾಯ ಜರ್ಮನಿಯಲ್ಲಿ ಪಾಲ್ ಎರ್ಲಿಕನು ಈ ರಿಸಿನ್ನನ್ನೂ, ಅದರ ಒಡಹುಟ್ಟಿನಂತಿರುವ ಗುಲಗಂಜಿಯ ನಂಜನ್ನೂ ಇಲಿಗಳಿಗೆ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮವಾಗಿ ಉಣಿಸಿ, ಅವು ಆ ವಿಷಕ್ಕೆ ಜಗ್ಗದಂತಾಗುವುದನ್ನು ತೋರಿಸಿದನು. ದೇಹವು ರೋಗದ ವಿರುದ್ಧ ತನ್ನನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತ ಶಾಸ್ತ್ರವು ಬೆಳೆದುದಕ್ಕೆ ಈ ಎರಡು ಬೀಜಗಳು ಕಾರಣವಾದವು. ಅಕ್ಕಸಾಲಿಗರು ಚಿನ್ನವನ್ನು ತೂಗುತ್ತಿದ್ದ ಗುಲಗಂಜಿಯೂ, ಚಿನ್ನದ ಗಣಿಯ ಬೇಲಿಯಲ್ಲಿ ಬೆಳೆಯುವ ಹರಳೂ ಒಂದೇ ಪ್ರಯೋಗಶಾಲೆಯಲ್ಲಿ ಕೂಡಿದುದು ಸೋಜಿಗವಲ್ಲವೆ?

ರಿಸಿನ್ ಕೆಲಸಮಾಡುವ ಬಗೆ ಹೀಗೆ. ಅದಕ್ಕೆ ಎರಡು ಭಾಗಗಳು. ಒಂದು ಭಾಗವು ಜೀವಕೋಶದ ಗೋಡೆಗೆ ಅಂಟಿಕೊಂಡು ಬಾಗಿಲು ತೆರೆಸುತ್ತದೆ. ಮತ್ತೊಂದು ಭಾಗವು ಒಳಹೊಕ್ಕು, ಕೋಶವು ತನಗೆ ಬೇಕಾದ ಸಸಾರಜನಕಗಳನ್ನು ಕಟ್ಟಿಕೊಳ್ಳುವ ಸೂಕ್ಷ್ಮ ಯಂತ್ರಗಳನ್ನು ಒಂದೊಂದಾಗಿ ಕೆಡಿಸುತ್ತದೆ. ರಿಸಿನ್ನಿನ ಒಂದೇ ಅಣುವು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಯಂತ್ರಗಳನ್ನು ನಿಲ್ಲಿಸಬಲ್ಲುದು. ಬೀಜವನ್ನು ಅಗಿದು ನುಂಗಿದವರಿಗೆ ಕೆಲವು ಗಂಟೆಗಳ ಮೇಲೆ ಹೊಟ್ಟೆನೋವು, ವಾಂತಿ, ಭೇದಿ ಹತ್ತಿ, ಮೈಯ ನೀರು ಇಳಿದು, ಉಗ್ರವಾದರೆ ಮೂತ್ರಪಿಂಡ ಮೊದಲಾದ ಅಂಗಗಳೂ ಸೋಲುತ್ತವೆ. ಇದಕ್ಕೆ ಪ್ರತಿವಿಷವಿಲ್ಲ. ನೀರನ್ನೂ ಲವಣಗಳನ್ನೂ ರಕ್ತನಾಳದ ಮೂಲಕ ತುಂಬಿ ಕಾಯುವುದೇ ಚಿಕಿತ್ಸೆ. ಬೇಗ ಆಸ್ಪತ್ರೆ ಸೇರಿದವರು ಬಹುಮಟ್ಟಿಗೆ ಬದುಕಿಕೊಳ್ಳುತ್ತಾರೆ. ಬೀಜವನ್ನು ಅಗಿಯದೆ ಇಡಿಯಾಗಿ ನುಂಗಿದ್ದರೆ ಗಟ್ಟಿಯಾದ ಸಿಪ್ಪೆಯ ದೆಸೆಯಿಂದ ಅನೇಕ ವೇಳೆ ಅದು ಹಾಗೆಯೇ ಹೊರಬೀಳುವುದುಂಟು. ಆದರೆ ಮಗು ಅಗಿಯಿತೋ ನುಂಗಿತೋ ಎಂದು ಮನೆಯಲ್ಲಿ ಕುಳಿತು ಲೆಕ್ಕ ಹಾಕುವುದು ಸಲ್ಲದು. ತಡವಾಗಿ ತೋರುವುದು ಈ ನಂಜಿನ ಸ್ವಭಾವವಾದುದರಿಂದ, ಮಗು ಆಡಿಕೊಂಡಿದೆಯೆಂಬುದು ಸಮಾಧಾನಕ್ಕೆ ಕಾರಣವಾಗಲಾರದು. 1978ರಲ್ಲಿ ಲಂಡನ್ನಿನ ಬೀದಿಯಲ್ಲಿ ಜಾರ್ಜಿ ಮಾರ್ಕೊವ್ ಎಂಬ ಬಲ್ಗೇರಿಯದ ಬರಹಗಾರನ ಕಾಲಿಗೆ ಸಾಸುವೆ ಕಾಳಿಗಿಂತಲೂ ದೊಡ್ಡದಲ್ಲದ ಗುಂಡೊಂದನ್ನು ಹೊಗಿಸಿ ಕೊಂದರು. ಅದರಲ್ಲಿದ್ದುದು ರಿಸಿನ್ನೆಂದು ನಿರ್ಧರಿಸಿದರು. ಈಗ ಅಂತರರಾಷ್ಟ್ರೀಯ ಒಪ್ಪಂದದಂತೆ ರಿಸಿನ್ ಅತ್ಯಂತ ಕಟ್ಟುನಿಟ್ಟಾದ ಪಟ್ಟಿಗೆ ಸೇರಿದ ಯುದ್ಧವಿಷ. ಬೀಜಕ್ಕೆ ಮಾತ್ರ ಅಂತಹ ನಿರ್ಬಂಧವಿಲ್ಲ.

ಇಂತಹ ಬೀಜದಿಂದ ತೆಗೆದ ಎಣ್ಣೆಯನ್ನು ಹಾಲುಗೂಸಿನವರೆಗೂ ಎಲ್ಲರೂ ಶತಮಾನಗಳಿಂದ ಹೇಗೆ ಬಳಸಿದರು? ಇದಕ್ಕೆ ಉತ್ತರವು ಒಲೆಯ ಮೇಲಿತ್ತು. ರಿಸಿನ್ ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಿ ಕರಗುವುದಿಲ್ಲ. ಮತ್ತು ದ್ರವದಲ್ಲಿ 80 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾವಿಗೆ ಹತ್ತು ನಿಮಿಷ ಸಿಕ್ಕಿದರೆ ಅದರ ಶಕ್ತಿ ಉಡುಗಿಹೋಗುತ್ತದೆ. ಮನೆಗಳಲ್ಲಿ ಹರಳೆಣ್ಣೆ ತೆಗೆಯುತ್ತಿದ್ದ ಕ್ರಮವನ್ನು ನೋಡಿರಿ. ಬಿಸಿಲಿನಲ್ಲಿ ಒಡೆದ ಕಾಯಿಗಳಿಂದ ಬೀಜವನ್ನು ಬಿಡಿಸಿ, ಬಾಣಲೆಯಲ್ಲಿ ಹದವಾಗಿ ಹುರಿದು, ಒರಳಿನಲ್ಲಿ ಕುಟ್ಟಿ ಮುದ್ದೆಮಾಡಿ, ದೊಡ್ಡ ಮಡಕೆಯಲ್ಲಿ ಬೇಕಾದಷ್ಟು ನೀರಿನೊಡನೆ ಬಹಳ ಹೊತ್ತು ಕುದಿಸುವರು. ಎಣ್ಣೆ ಮೇಲಕ್ಕೆ ತೇಲುವುದು. ಅದನ್ನು ಸೌಟಿನಿಂದ ಎತ್ತಿ ಬೇರೆ ಪಾತ್ರೆಗೆ ಹಾಕಿ, ಚಟಪಟ ಸದ್ದು ನಿಲ್ಲುವವರೆಗೆ, ಎಂದರೆ ನೀರಿನ ಪಸೆ ಆರುವವರೆಗೆ, ಮತ್ತೆ ಕಾಯಿಸುವರು. ಹುರಿಯುವಾಗಲೊಮ್ಮೆ, ಕುದಿಯುವಾಗಲೊಮ್ಮೆ, ಕಾಯುವಾಗಲೊಮ್ಮೆ, ಹೀಗೆ ಮೂರು ಬಾರಿ ನಂಜಿಗೆ ಬೆಂಕಿ ತಾಗುತ್ತಿತ್ತು. ಅದು ಕರಗಬಹುದಾಗಿದ್ದ ನೀರು ಗಸಿಯೊಡನೆ ಕೆಳಗುಳಿಯುತ್ತಿತ್ತು. ಸ್ಟಿಲ್‌ಮಾರ್ಕನ ಹೆಸರನ್ನೂ ಕೇಳದ ಹೆಂಗಸರು ಅವನಿಗೆ ಎಷ್ಟೋ ತಲೆಮಾರುಗಳ ಹಿಂದೆಯೇ ರಿಸಿನ್ನನ್ನು ಕೊಲ್ಲುವ ವಿಧಾನವನ್ನು ಕೈಯಲ್ಲಿಟ್ಟುಕೊಂಡಿದ್ದರು. ಹೆರೊಡೊಟಸನು ಹೇಳಿದ ಎರಡನೆಯ ಬಗೆ ಇದೇ. ಇನ್ನೊಂದು ಬಗೆ, ಕಾವಿಲ್ಲದೆ ಹಿಂಡುವುದು. ಯಂತ್ರದಲ್ಲಿ ಹಿಂಡಿದ ಎಣ್ಣೆಯನ್ನೂ ಮದ್ದಿಗೆ ಕೊಡುವ ಮುನ್ನ ಕಾವಿನಿಂದಲೂ ಆವಿಯಿಂದಲೂ ಶೋಧಿಸುವುದು ನಿಯಮ. ಈಚೆಗೆ ಕಾವು ಮುಟ್ಟಿಸದ ಎಣ್ಣೆಯೇ ಶುದ್ಧವೆಂಬ ಅಭಿಪ್ರಾಯವು ಪೇಟೆಗಳಲ್ಲಿ ಹರಡುತ್ತಿದೆ. ಎಳ್ಳು, ಕಡಲೆಕಾಯಿಗಳ ಮಟ್ಟಿಗೆ ಅದು ರುಚಿಯ ಮಾತು. ಹರಳಿನ ಮಟ್ಟಿಗೆ ಆ ಮಾತು ಹಿರಿಯರ ವಿವೇಕಕ್ಕೆ ನೇರವಾಗಿ ವಿರುದ್ಧವಾದುದು.

ಬೀಜದ ತಿರುಳನ್ನೇ ಉಪಯೋಗಿಸುವ ಏರಂಡಪಾಕದಂತಹ ಔಷಧಗಳಲ್ಲಿ ವೈದ್ಯರು ಸಿಪ್ಪೆಯನ್ನೂ ಒಳಗಿನ ಮೊಳಕೆಯನ್ನೂ ತೆಗೆದು, ತಿರುಳನ್ನು ಹಾಲಿನಲ್ಲಿ ಬೇಯಿಸುವರು. ನಂಜೆಲ್ಲ ಮೊಳಕೆಯಲ್ಲಿದೆಯೆಂಬ ನಂಬಿಕೆ ಬಹು ಜನರಲ್ಲಿದೆ. ಅದು ನಿಜವಲ್ಲ. ರಿಸಿನ್ ಇರುವುದು ತಿರುಳಿನಲ್ಲಿಯೇ. ಅಂತು ಕಾಪಾಡುತ್ತಿದ್ದುದು ಮೊಳಕೆ ಕೀಳುವುದಲ್ಲ, ಹಾಲಿನ ಕುದಿತ. ಮೊಳಕೆ ಕಿತ್ತು ಹಸಿಯ ಬೀಜವನ್ನು ಮದ್ದೆಂದು ತಿನ್ನುವವರು ಕ್ರಿಯೆಯ ಸಾರವನ್ನು ಬಿಟ್ಟು ಸಿಪ್ಪೆಯನ್ನು ಹಿಡಿದವರು. ಗಿಡದ ತೌರುನಾಡಿನಲ್ಲಿಯೂ ಇದೇ ಪಾಠವುಂಟು. ಪಶ್ಚಿಮ ಆಫ್ರಿಕಾದ ನೈಜೀರಿಯದಲ್ಲಿ ಇಗ್ಬೊ ಜನರು ಹರಳಿನ ಬೀಜವನ್ನು ಸುಲಿದು, ಬಹಳ ಹೊತ್ತು ಬೇಯಿಸಿ, ಎಲೆಯಲ್ಲಿ ಸುತ್ತಿ ಹುಳಿಬರಿಸಿ, ಒಗಿರಿ ಎಂಬ ಘಾಟಾದ ವ್ಯಂಜನವನ್ನು ಮಾಡಿ ಸಾರಿಗೆ ಹಾಕುವರು. ಕೊಲ್ಲುವ ಬೀಜವು ಅವರ ಅಡುಗೆಮನೆಯಲ್ಲಿ ಸಂಬಾರಪದಾರ್ಥವಾಗಿದೆ. ಬೆಂಕಿಯಿಲ್ಲದೆ ಇದಾಗುವಂತಿರಲಿಲ್ಲ.

ಹಾಗೆಂದು ನಂಜಿಲ್ಲದ ಎಣ್ಣೆಯು ನಿರುಪದ್ರವಿಯೆಂದು ತಿಳಿಯಲಾಗದು. ಹರಳೆಣ್ಣೆಯ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚಿನ ಭಾಗವು ರಿಸಿನೋಲಿಕ್ ಆಮ್ಲವೆಂಬ ಪದಾರ್ಥದಿಂದಾದುದು. ಇದು ಕರುಳಿನಲ್ಲಿ ಬಿಡುಗಡೆಯಾಗಿ ಕರುಳಿನ ಸ್ನಾಯುಗಳನ್ನು ಕೆರಳಿಸುತ್ತದೆ. ಗರ್ಭಕೋಶದ ಸ್ನಾಯುಗಳನ್ನೂ ಅದೇ ಬಗೆಯಲ್ಲಿ ಕೆರಳಿಸುವುದೆಂದು 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ಸ್ಪಷ್ಟಪಡಿಸಿದರು. ಹೆರಿಗೆಗೆ ಎಣ್ಣೆ ಕೊಡುತ್ತಿದ್ದ ಸೂಲಗಿತ್ತಿಯರ ಅನುಭವವು ಬರಿಯ ಭ್ರಮೆಯಾಗಿರಲಿಲ್ಲವೆಂದಾಯಿತು. ಆದುದರಿಂದಲೇ ಬಸುರಿಯರು ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಮುಟ್ಟಬಾರದೆಂಬುದೂ ಖಚಿತವಾಯಿತು. ದೊಡ್ಡವರಿಗೆ ಭೇದಿಗಾಗಿ ವೈದ್ಯಗ್ರಂಥಗಳು ಹೇಳುವ ಪ್ರಮಾಣ 15ರಿಂದ 60 ಮಿಲಿಲೀಟರು. ಎರಡರಿಂದ ಆರು ಗಂಟೆಗಳೊಳಗೆ ಗುಣ ತೋರುವುದು. ಒಮ್ಮೆ ಕೊಟ್ಟರೆ ಮದ್ದು, ಮೇಲಿಂದಮೇಲೆ ಕೊಟ್ಟರೆ ಮೈಯ ಲವಣಗಳು ಸೋರಿಹೋಗಿ ಬಳಲಿಕೆ. ಇಟಲಿಯಲ್ಲಿ ಮುಸೊಲಿನಿಯ ಕಪ್ಪಂಗಿಯವರು ತಮ್ಮ ವಿರೋಧಿಗಳ ಬಾಯಿಗೆ ಬಲಾತ್ಕಾರವಾಗಿ ಹರಳೆಣ್ಣೆಯನ್ನು ಸುರಿದು ಅವಮಾನಪಡಿಸುತ್ತಿದ್ದರು. ಪ್ರಮಾಣ ಮೀರಿದರೆ ಮದ್ದೂ ದಂಡನೆಯಾಗುವುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ಅಪಾಯವುಂಟು. ಅಳುವ ಕೂಸಿನ ಮೂಗು ಹಿಡಿದು ಒಳಲೆಯಿಂದ ಎಣ್ಣೆ ಹೊಯ್ಯುವುದು, ಮೀಯಿಸುವಾಗ ಮೂಗಿಗೆ ಎಣ್ಣೆಯ ಹನಿಗಳನ್ನು ಬಿಡುವುದು ದಕ್ಷಿಣದ ಅನೇಕ ಮನೆಗಳಲ್ಲಿದ್ದ ಪದ್ಧತಿ. ಹೀಗೆ ಮಾಡುವಾಗ ಎಣ್ಣೆಯು ಶ್ವಾಸಕೋಶಕ್ಕೆ ಇಳಿಯುವುದುಂಟು. ನೀರಾಗಿದ್ದರೆ ಕೂಸು ಕೆಮ್ಮಿ ಹೊರಹಾಕುತ್ತಿತ್ತು. ಮಂದವಾದ ಎಣ್ಣೆಯು ಕೆಮ್ಮನ್ನೂ ಎಬ್ಬಿಸದೆ ಒಳಗೆ ನಿಂತು, ವಾರಗಟ್ಟಲೆ ಕಾಡುವ ಒಂದು ಬಗೆಯ ನ್ಯುಮೋನಿಯಾವನ್ನು ತರುತ್ತದೆ. ಮಕ್ಕಳ ವೈದ್ಯರು ಇಂತಹ ಪ್ರಸಂಗಗಳನ್ನು ದಕ್ಷಿಣಭಾರತದಿಂದ ಹಲವು ಬಾರಿ ವರದಿಮಾಡಿದ್ದಾರೆ. ಇದರಲ್ಲಿ ಹರಳಿನ ನಂಜಿನ ಪಾತ್ರವೇನೂ ಇಲ್ಲ. ತಪ್ಪು ಹೊಯ್ಯುವ ಕೈಯದು. ಮೈಗೆ ಹಚ್ಚುವುದರಲ್ಲಿ, ಊದಿದ ಕೀಲಿಗೆ ಬಿಸಿಯ ಎಲೆ ಕಟ್ಟುವುದರಲ್ಲಿ ಸಾಮಾನ್ಯವಾಗಿ ಭಯವಿಲ್ಲ. ಆದರೆ ಹಸಿಯ ಎಲೆಯ ರಸವನ್ನು ಕಾಮಾಲೆಗೆ ಕುಡಿಯುವುದನ್ನು ಪ್ರೋತ್ಸಾಹಿಸಲಾಗದು. ಎಲೆಯಲ್ಲಿ ರಿಸಿನಿನ್ ಎಂಬ ಬೇರೊಂದು ಕಟುದ್ರವ್ಯವಿದೆ. ಸಾಮಾನ್ಯವಾದ ಕಾಮಾಲೆಯು ಬಹುತೇಕ ತಾನಾಗಿಯೇ ಇಳಿಯುವುದರಿಂದ, ಎಲೆಗೆ ಬಂದ ಕೀರ್ತಿಯಲ್ಲಿ ಹೆಚ್ಚಿನ ಪಾಲು ಕಾಲಮಹಿಮೆಗೆ ಸೇರತಕ್ಕುದು.

ಎಲೆಯ ಮಾತು ಬಂದುದರಿಂದ ಗಣಿಯ ನೆರೆಯವರಿಗೆ ಒಂದು ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಚಿನ್ನದ ಅದುರನ್ನು ಪುಡಿಮಾಡಿ ಸಯನೈಡಿನ ದ್ರಾವಣದಿಂದ ಚಿನ್ನವನ್ನು ತೆಗೆಯುವ ವಿಧಾನವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದುದು. ಹಾಗೆ ತೆಗೆದುಳಿದ ಪುಡಿಮಣ್ಣಿನ ಗುಡ್ಡಗಳು 2001ರಲ್ಲಿ ಗಣಿಗಳು ಮುಚ್ಚಿದ ಮೇಲೂ ಊರ ನಡುವೆ ಹಾಗೆಯೇ ನಿಂತಿವೆ. ಹರಳು ಕೆಟ್ಟ ನೆಲವನ್ನು ಸಹಿಸುವ ಗಿಡ. ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳಿರುವ ಮಣ್ಣಿನಲ್ಲಿಯೂ ಬೆಳೆದು, ಅವುಗಳನ್ನು ತನ್ನೊಳಗೆ ಎಳೆದುಕೊಳ್ಳುವುದೆಂದು ಅನೇಕ ದೇಶಗಳ ಪ್ರಯೋಗಗಳಿಂದ ತಿಳಿದುಬಂದಿದೆ. ಇಂತಹ ಗುಡ್ಡಗಳ ಆಸುಪಾಸಿನಿಂದ ಔಷಧಕ್ಕಾಗಿ ಎಲೆಯನ್ನಾಗಲಿ ಬೇರನ್ನಾಗಲಿ ತರುವುದು ಸರಿಯಲ್ಲ.

ಹೆಸರಿನ ಗೊಂದಲದಿಂದ ಆಗುವ ಅನಾಹುತವೂ ಉಂಟು. ಬೇಲಿಗೆ ನೆಡುವ ಕಾಡುಹರಳು ಅಥವಾ ಮರಹರಳು ನಿಜವಾದ ಹರಳಲ್ಲ. ಅದು ಅಮೆರಿಕಾ ಖಂಡದಿಂದ ಬಂದ ಜಟ್ರೋಫಾ. 2000ದ ಈಚೆಗೆ ಅದರ ಎಣ್ಣೆಯಿಂದ ಗಾಡಿಗಳನ್ನು ಓಡಿಸಬಹುದೆಂಬ ಉತ್ಸಾಹದಲ್ಲಿ ಅದನ್ನು ದೇಶದ ಹಲವೆಡೆ ನೆಡಿಸಿದರು. ಅದರ ಬೀಜದ ತಿರುಳು ರುಚಿಯಾಗಿರುವುದರಿಂದ ಮಕ್ಕಳು ತಿಂದು ವಾಂತಿಭೇದಿಗಳಿಂದ ಆಸ್ಪತ್ರೆ ಸೇರಿದ ಪ್ರಸಂಗಗಳು ದೇಶದಲ್ಲೆಲ್ಲ ನಡೆದಿವೆ. ಜಾಪಾಳವೆಂಬುದು ಇನ್ನೂ ಬೇರೆ. ಅದರ ಎಣ್ಣೆಯ ಕೆಲವೇ ತೊಟ್ಟುಗಳು ಪ್ರಾಣಕ್ಕೆ ಎರವಾಗುವಷ್ಟು ಉಗ್ರ. ಹರಳೆಣ್ಣೆಯ ಭರವಸೆಯನ್ನು ಈ ನೆಂಟರಿಗೆ ವಿಸ್ತರಿಸಬಾರದು.

ಎಣ್ಣೆ ತೆಗೆದುಳಿದ ಹಿಂಡಿಯು ಒಳ್ಳೆಯ ಗೊಬ್ಬರ. ನಂಜೆಲ್ಲವೂ ಉಳಿಯುವುದು ಅದರಲ್ಲಿಯೇ. ಕಡಲೆಕಾಯಿ ಹಿಂಡಿಯಂತೆ ಇದನ್ನು ದನಗಳಿಗೆ ಇಡುವುದಿಲ್ಲವೆಂಬುದು ಒಕ್ಕಲುಮಕ್ಕಳಿಗೆ ತಿಳಿದೇ ಇದೆ. ತಿಳಿಯದಿರುವುದು ಅದರ ಧೂಳಿನ ಗುಣ. 1928ರಲ್ಲಿ ಅಮೆರಿಕಾದ ಟೊಲೀಡೊ ಪಟ್ಟಣದಲ್ಲಿ ಹರಳೆಣ್ಣೆಯ ಗಿರಣಿಯೊಂದರ ಧೂಳಿನಿಂದ ಸುತ್ತಲಿನ ಜನರಿಗೆ ಉಬ್ಬಸ ಹತ್ತಿದುದನ್ನು ಇಬ್ಬರು ವೈದ್ಯರು ಪತ್ತೆಹಚ್ಚಿದರು. ಇದಕ್ಕೆ ರಿಸಿನ್ನಲ್ಲದ ಬೇರೊಂದು ಪದಾರ್ಥವು ಕಾರಣ. ಅದು ಕಾವಿಗೂ ಸುಲಭವಾಗಿ ಕೆಡುವುದಿಲ್ಲ. ಈಗ ತೋಟಗಳಿಗೂ ಪೇಟೆಯ ಮನೆಗಳ ಹೂವಿನ ಕುಂಡಗಳಿಗೂ ಹಿಂಡಿಯನ್ನು ಚೀಲಗಳಲ್ಲಿ ತರಿಸುವುದು ಬಳಕೆಗೆ ಬಂದಿದೆ. ಉಬ್ಬಸದವರಿರುವ ಮನೆಯಲ್ಲಿ ಅದನ್ನು ಒಣಗಿದ ಪುಡಿಯಾಗಿ ಎರಚದೆ ನೀರು ಚಿಮುಕಿಸಿ ಮಣ್ಣಿನೊಳಕ್ಕೆ ಸೇರಿಸಬೇಕು. ಅದರ ವಾಸನೆಗೆ ಮರುಳಾಗಿ ನಾಯಿಗಳು ಕೆದಕಿ ತಿಂದು ಸತ್ತ ಉದಾಹರಣೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಆದುದರಿಂದ ಚೀಲದ ಬಾಯನ್ನು ಕಟ್ಟಿ ದನಕರುಗಳಿಗೂ ನಾಯಿಗಳಿಗೂ ಮಕ್ಕಳಿಗೂ ಎಟುಕದ ಎತ್ತರದಲ್ಲಿ ಇಡತಕ್ಕದ್ದು.